ಸಂತೆಯ ಲೆಕ್ಕ, ಪಾಟಿಯ ಲೆಕ್ಕ



ಸಂಘದ ಸಭೆಗಳಿಗೆ ಬಂದಾಗ ನಮಗೆ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. “ನಮ್ಮ ಹುಡುಗಿ ಕನ್ನಡದಾಗ ಛಲೋ ಅದಾಳ್ರಿ, ಗಣಿತ ಅಂದ್ರ ಮಾತ್ರ ಅಳ್ತಾಳ. ನಾ ಹೆಬ್ಬಟ್ಟಿನಾಕಿ, ನಾ ಏನ್ ಹೇಳಿಕೊಡ್ಲಿ?” ಹೀಗೆ ಹೇಳುವ ತಾಯಿಯೇ ಐದು ನಿಮಿಷದ ಹಿಂದೆ ಹದಿನೆಂಟು ಸದಸ್ಯರ ಉಳಿತಾಯ ಎಣಿಸಿ, ಬಾರದವರು ಇಬ್ಬರು, ದಂಡ ಕೊಟ್ಟವರು ಮೂವರು ಎಂದು ಕೂಡಿಸಿ ಕಳೆದು, ಪುಸ್ತಕ ಬರೆಯುವವರಿಗಿಂತ ಮೊದಲೇ ಮೊತ್ತ ಹೇಳಿರುತ್ತಾರೆ. ನಿಪ್ಪಾಣಿ ಕಡೆ ಬೀಡಿ ಕಟ್ಟುವ ತಾಯಂದಿರನ್ನು ನೋಡಿರಿ. ಕಟ್ಟಿಗೆ 25 ಬೀಡಿ, ನಾಲ್ಕು ಕಟ್ಟಿಗೆ ನೂರು, ನಲವತ್ತು ಕಟ್ಟಿಗೆ ಸಾವಿರ. ಇಪ್ಪತ್ತೈದರ ಮಗ್ಗಿ ಅವರ ಬೆರಳಿನಲ್ಲೇ ಇದೆ. ಅಥಣಿ ಕಡೆ ಚಪ್ಪಲಿ ಹೆಣೆಯುವ ಮನೆಗಳಲ್ಲಿ ಜೋಡಿ, ಡಜನ್, ಇಂಚು ಎಲ್ಲ ಬಾಯಿಪಾಠ. ಕಾಗವಾಡ, ರಾಯಬಾಗದ ಕಡೆ ಕಬ್ಬಿನ ಟನ್ನು, ಹಾಲಿನ ಲೀಟರು, ಡೇರಿಯ ಹತ್ತು ದಿನದ ಬಿಲ್ಲು.

ಆದರೂ ಮಗಳ ಗಣಿತದ ಪುಸ್ತಕ ತೆರೆದರೆ ತಾಯಿ ಹಿಂದೆ ಸರಿಯುತ್ತಾರೆ. ಏಕೆ? ತಾಯಿಗೆ ಲೆಕ್ಕ ಬರುವುದಿಲ್ಲ ಎಂದಲ್ಲ. ಸಂತೆಯ ಲೆಕ್ಕ ಬೇರೆ, ಪಾಟಿಯ ಲೆಕ್ಕ ಬೇರೆ ಎಂದು ನಾವೆಲ್ಲರೂ ತಿಳಿದುಕೊಂಡುಬಿಟ್ಟಿದ್ದೇವೆ. ಮಕ್ಕಳೂ ಹಾಗೆಯೇ ತಿಳಿಯುತ್ತಾರೆ. ಈ ಎರಡನ್ನು ಹೇಗೆ ಜೋಡಿಸಬಹುದು ಎಂಬುದನ್ನು ಈ ಸಲ ತಿಳಿದುಕೊಳ್ಳೋಣ. ಇದಕ್ಕೆ ಟ್ಯೂಷನ್ ಬೇಡ, ಹೆಚ್ಚಿನ ಖರ್ಚೂ ಇಲ್ಲ. ಹೇಗೂ ವಾರಕ್ಕೊಮ್ಮೆ ಸಂತೆ ಮಾಡುತ್ತೇವಲ್ಲ, ಒಂದು ಚೀಲ ಕಾಯಿಪಲ್ಲೆ ತರುತ್ತೇವಲ್ಲ, ಅದೇ ಸಾಕು. ಜೊತೆಗೆ ಒಂದು ನೂರು ಪುಟದ ನೋಟಬುಕ್.

ನಾವು ತಪ್ಪು ತಿಳಿದದ್ದು

ಮೊದಲೇ ಒಂದು ಮಾತು ಒಪ್ಪಿಕೊಳ್ಳುತ್ತೇವೆ. ನಾವು ಕೆಲವು ವರ್ಷ ತಾಯಂದಿರಿಗೆ “ಮಕ್ಕಳನ್ನು ಸಂತೆಗೆ ಕರೆದುಕೊಂಡು ಹೋಗಿರಿ, ಗಣಿತ ತಾನೇ ಬರುತ್ತದೆ” ಎಂದು ಹೇಳುತ್ತಿದ್ದೆವು. ಅದು ಅರ್ಧ ಮಾತ್ರ ನಿಜ. ಒಂದು ಸಂಘದ ಸದಸ್ಯೆಯ ಮಗ ಆರನೇ ಇಯತ್ತೆಯಲ್ಲಿದ್ದ. ಶನಿವಾರ, ಭಾನುವಾರ ತಾಯಿಯ ಜೊತೆ ಸೊಪ್ಪು, ಮೆಣಸಿನಕಾಯಿ ಮಾರಲು ಕೂಡುತ್ತಿದ್ದ. ಗಿರಾಕಿ ಎಷ್ಟು ಸಾಮಾನು ಕೇಳಿದರೂ ಬಾಯಲ್ಲೇ ಮೊತ್ತ, ಚಿಲ್ಲರೆಯೂ ತಪ್ಪುತ್ತಿರಲಿಲ್ಲ. ಅವನನ್ನು ಮುಂದೆ ನಿಲ್ಲಿಸಿ ನಾವು ಸಭೆಯಲ್ಲಿ ಚಪ್ಪಾಳೆ ಕೂಡ ತಟ್ಟಿಸಿದೆವು. ವರ್ಷದ ಕೊನೆಗೆ ಗಣಿತದಲ್ಲಿ ಅವನ ಉತ್ತರ ಪತ್ರಿಕೆ ಬಹುಪಾಲು ಖಾಲಿ ಇತ್ತು. “ಏನೋ ಇದು?” ಅಂದರೆ, “ಅಲ್ಲೆ ಕಾಯಿಪಲ್ಲೆ ಇರಲಿಲ್ಲರಿ” ಅಂದ. ನಾವು ನಕ್ಕೆವು. ಆಮೇಲೆ ವಿಚಾರ ಮಾಡಿದಾಗ ನಗುವ ಮಾತಲ್ಲ ಅನ್ನಿಸಿತು.

ನಮ್ಮ ಊರಿನ ಮಕ್ಕಳಷ್ಟೇ ಹೀಗೆ ಎಂದು ತಿಳಿಯಬೇಡಿರಿ. 2025ರ ಫೆಬ್ರವರಿಯಲ್ಲಿ ‘ನೇಚರ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಮಾಡಿದ ಅಧ್ಯಯನ ಅದು. ಕೋಲ್ಕತ್ತಾ, ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರಕ್ಕೆ ಕೂಡುವ 1,400ಕ್ಕೂ ಹೆಚ್ಚು ಮಕ್ಕಳನ್ನು ಅವರು ನೋಡಿದರು. ಗಿರಾಕಿಗಳ ಹಾಗೆ ಹೋಗಿ, ಸಾಮಾನ್ಯವಾಗಿ ಯಾರೂ ಕೇಳದ ತೂಕ ಕೇಳಿದರು. ಆಲೂಗಡ್ಡೆ 800 ಗ್ರಾಂ, ಉಳ್ಳಾಗಡ್ಡಿ 1 ಕಿಲೋ 400 ಗ್ರಾಂ, ಹೀಗೆ. ಕೊಟ್ಟದ್ದು 200ರ ನೋಟು. ಹೆಚ್ಚಿನ ಮಕ್ಕಳು ಕಾಗದ ಪೆನ್ನು ಇಲ್ಲದೆ ಸರಿಯಾಗಿ ಹೇಳಿದರು. ಅದೇ ಮಕ್ಕಳಿಗೆ ಶಾಲೆಯ ರೀತಿಯಲ್ಲಿ ಬರೆದ ಕಳೆಯುವ, ಭಾಗಿಸುವ ಲೆಕ್ಕ ಕೊಟ್ಟರೆ ಬಹಳ ಮಂದಿ ಎಡವಿದರು. ವ್ಯಾಪಾರ ಮಾಡದೆ ಶಾಲೆಗೆ ಮಾತ್ರ ಹೋಗುವ ಮಕ್ಕಳ ಕಥೆ ಇದಕ್ಕೆ ಉಲ್ಟಾ. ಬರೆದ ಲೆಕ್ಕ ಅವರು ಇವರಿಗಿಂತ ಚೆನ್ನಾಗಿ ಮಾಡಿದರು, ಸಂತೆಯ ಲೆಕ್ಕ ಕೊಟ್ಟಾಗ ತಡವರಿಸಿದರು.

ಬ್ರೆಜಿಲ್ ದೇಶದ ರೆಸಿಫೆ ಎಂಬ ಪಟ್ಟಣದಲ್ಲಿ ಬೀದಿಯಲ್ಲಿ ಮಾರುವ ಮಕ್ಕಳ ಬಗ್ಗೆ 1985ರಲ್ಲೇ ಇಂಥದೊಂದು ಅಧ್ಯಯನ ಬಂದಿತ್ತು. ಅಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗ ತೆಂಗಿನಕಾಯಿ ಮಾರುತ್ತಿದ್ದ. ಒಂದಕ್ಕೆ ಅವರ ದುಡ್ಡಿನಲ್ಲಿ 35. ಹತ್ತು ಕಾಯಿಗೆ ಎಷ್ಟು ಎಂದು ಕೇಳಿದರು. ಶಾಲೆಯಲ್ಲಿ ಕಲಿತವರು 35ರ ಮುಂದೆ ಒಂದು ಸೊನ್ನೆ ಹಾಕಿ 350 ಅನ್ನುತ್ತಾರೆ. ಅವನು ಹಾಗೆ ಮಾಡಲಿಲ್ಲ. ಮೂರು ಕಾಯಿಗೆ 105, ಇನ್ನು ಮೂರು ಸೇರಿದರೆ 210, ಇನ್ನೂ ನಾಲ್ಕು ಬೇಕು, 315, ಆಮೇಲೆ 350 ಎಂದ. ನಮ್ಮ ಸಂತೆಯಲ್ಲಿ ಕುಳಿತ ಅಜ್ಜಿ ಕೂಡ ಹೀಗೇ ಎಣಿಸುತ್ತಾಳಲ್ಲವೇ? ಉತ್ತರ ಸರಿ. ಆದರೆ ಸೊನ್ನೆ ಹಾಕುವ ಸುಲಭದ ದಾರಿ ಅವನಿಗೆ ಕೈಗೆ ಸಿಕ್ಕಿರಲಿಲ್ಲ. ಹತ್ತರ ಬದಲು ಮುನ್ನೂರ ನಲವತ್ತು ಕಾಯಿ ಅಂದಿದ್ದರೆ ಮೂರು ಮೂರು ಎಣಿಸುತ್ತ ಎಷ್ಟು ಹೊತ್ತು ಕೂಡಬೇಕು?

ಅಂದರೆ ಮಗುವನ್ನು ಸಂತೆಗೆ ಕರೆದುಕೊಂಡು ಹೋದರಷ್ಟೇ ಸಾಲದು, ಶಾಲೆಗೆ ಕಳಿಸಿ ಸುಮ್ಮನಾದರೂ ಸಾಲದು. ಇಲ್ಲಿನ ಲೆಕ್ಕವೇ ಅಲ್ಲಿಯದು ಎಂದು ಯಾರಾದರೂ ಮಗುವಿಗೆ ಕೈಹಿಡಿದು ತೋರಿಸಬೇಕು. ಆ ‘ಯಾರಾದರೂ’ ತಾಯಿಯೇ ಯಾಕಾಗಬಾರದು?

ಪಾವ, ಪೌಣ, ಸವ್ವಾ, ದೀಡ

ನಮ್ಮ ಗಡಿಭಾಗದ ತಾಲ್ಲೂಕುಗಳಲ್ಲಿ ಒಂದು ವಿಶೇಷ ತೊಂದರೆ ಇದೆ. ಅದೇ ನಮ್ಮ ಆಸ್ತಿಯೂ ಹೌದು. ಸಂತೆಯಲ್ಲಿ ನಾವು ಕನ್ನಡ, ಮರಾಠಿ ಕೂಡಿಸಿ ಮಾತಾಡುತ್ತೇವೆ. ಪಾವ ಕಿಲೋ, ಅರ್ಧಾ ಕಿಲೋ, ಪೌಣ ಕಿಲೋ, ಸವ್ವಾ ಕಿಲೋ, ದೀಡ ಕಿಲೋ, ಅಡೀಚ ಕಿಲೋ. ನೂರರಲ್ಲಿ ಹೇಳುವಾಗ ಸವ್ವಾಶೆ ಅಂದರೆ 125, ದೀಡಶೆ ಅಂದರೆ 150, ಅಡೀಚಶೆ ಅಂದರೆ 250. ಮನೆಯಲ್ಲಿ ಮಗು ಇದನ್ನೇ ಕೇಳಿ ಬೆಳೆಯುತ್ತದೆ. ಶಾಲೆಗೆ ಹೋದರೆ ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು, ಒಂದೂವರೆ. ಪುಸ್ತಕದಲ್ಲಿ 1/4. ಮುಂದಿನ ಪಾಠದಲ್ಲಿ 0.25. ಅಂಗಡಿಯ ಪುಡಿಕೆಯ ಮೇಲೆ 250 ಗ್ರಾಂ. ಮಗುವಿಗೆ ಇವೆಲ್ಲ ಬೇರೆ ಬೇರೆ ಪ್ರಾಣಿಗಳ ಹಾಗೆ ಕಾಣುತ್ತವೆ. ಎಲ್ಲವೂ ಒಂದೇ ಪಾವ ಕಿಲೋ ಎಂದು ಯಾರೂ ಬಿಡಿಸಿ ಹೇಳಿರುವುದಿಲ್ಲ.

ಆದ್ದರಿಂದ ನೋಟಬುಕ್ಕಿನ ಮೊದಲ ಪುಟದಲ್ಲಿ ಒಂದು ಕೋಷ್ಟಕ ಮಾಡಿಸಿರಿ. ಪಾವ ಎಂದು ಬರೆದು ಅದರ ಮುಂದೆ ಕಾಲು, 1/4, 0.250, 250 ಗ್ರಾಂ ಎಂದು ಒಂದೇ ಸಾಲಿನಲ್ಲಿ ಬರೆಯಲಿ. ಅದರ ಕೆಳಗೆ ಅರ್ಧಾ, ಆಮೇಲೆ ಪೌಣ, ಅಂದರೆ ಮುಕ್ಕಾಲು, 3/4, 0.750, 750 ಗ್ರಾಂ. ಹೀಗೇ ಸವ್ವಾ, ದೀಡ, ಅಡೀಚ. ನೀವು ಬಾಯಲ್ಲಿ ಹೇಳಿರಿ, ಮಗು ಬರೆಯಲಿ. ಬರೆಯಲು ಬಾರದ ತಾಯಿ ಇದನ್ನು ಮಾಡಿಸಬಲ್ಲಳು. ಈ ಒಂದು ಪುಟ ಮಾಡಿದ ಮಕ್ಕಳಿಗೆ ಭಿನ್ನರಾಶಿ, ದಶಮಾಂಶ ಎಂಬ ಎರಡು ಪಾಠಗಳ ಹೆದರಿಕೆ ಅರ್ಧ ಹೋಗಿರುವುದನ್ನು ನಾವು ಕಂಡಿದ್ದೇವೆ.

ನಿಮ್ಮ ಮನೆಯಲ್ಲಿ ವಯಸ್ಸಾದ ಅಜ್ಜ ಇದ್ದರೆ ಪಾವಕಿ, ನಿಮಕಿ, ಪಾವುಣಕಿ, ಸವಾಯಕಿ, ದೀಡಕಿ ಎಂದರೆ ಏನು ಎಂದು ಕೇಳಿರಿ. ಹಿಂದಿನ ಗಾಂವಟಿ ಶಾಲೆಯಲ್ಲಿ ಒಂದು, ಎರಡರ ಮಗ್ಗಿಯಂತೆ ಕಾಲರ ಮಗ್ಗಿ, ಅರ್ಧದ ಮಗ್ಗಿ, ಒಂದೂಕಾಲರ ಮಗ್ಗಿ ಕೂಡ ಬಾಯಿಪಾಠ ಮಾಡಿಸುತ್ತಿದ್ದರು. ಏಳು ಸವ್ವಾ ಎಷ್ಟು? ಎಂಟೂ ಮುಕ್ಕಾಲು. ಅಜ್ಜ ತಟ್ಟನೆ ಹೇಳುತ್ತಾನೆ. ವ್ಯಾಪಾರಕ್ಕೆ ಬೇಕಾದ ಲೆಕ್ಕವನ್ನೇ ಆಗ ಶಾಲೆಯಲ್ಲಿ ಕಲಿಸುತ್ತಿದ್ದರು.

ಇನ್ನೂ ಹಿಂದಕ್ಕೆ ಹೋದರೆ ನಮಗೆ ಹೆಮ್ಮೆಯ ಸಂಗತಿ ಇದೆ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಎಂಬ ಜೈನ ಕವಿ ಕನ್ನಡದಲ್ಲಿ ಗಣಿತದ ಪುಸ್ತಕಗಳನ್ನು ಬರೆದ. ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ಗಣಿತ ಗ್ರಂಥಗಳಲ್ಲಿ ಅವೂ ಸೇರಿವೆ. ಅವುಗಳಲ್ಲಿ ಒಂದರ ಹೆಸರೇ ‘ವ್ಯವಹಾರ ಗಣಿತ’. ಅವನ ಊರು ಪೂವಿನಬಾಗೆ, ಅಂದರೆ ನಮ್ಮ ರಾಯಬಾಗವೇ ಎಂದು ತಿಳಿದವರು ಹೇಳುತ್ತಾರೆ. ಒಂಬತ್ತು ನೂರು ವರ್ಷದ ಹಿಂದೆ ನಮ್ಮ ನೆಲದಲ್ಲೇ ವ್ಯವಹಾರದ ಲೆಕ್ಕ, ಪುಸ್ತಕದ ಲೆಕ್ಕ ಎರಡೂ ಒಂದೇ ಕಟ್ಟಿನಲ್ಲಿದ್ದವು. ರಾಯಬಾಗದ ಸಂಘದವರು ಇದನ್ನು ಮಕ್ಕಳಿಗೆ ತಪ್ಪದೆ ಹೇಳಿರಿ.

ಒಂದು ಸಂತೆ, ಒಂದು ಪುಟ

ಈಗ ಮಾಡುವ ಕ್ರಮಕ್ಕೆ ಬರೋಣ. ಹೋಗುವ ಮೊದಲು ಮಗುವಿನ ಕೈಯಲ್ಲಿ ಚೀಟಿ ಬರೆಸಿರಿ. ಏನು ಬೇಕು, ಎಷ್ಟು ಬೇಕು, ಸುಮಾರು ಎಷ್ಟಾಗಬಹುದು. ಈ ‘ಸುಮಾರು’ ಬಹಳ ಮುಖ್ಯ. ಅಂದಾಜು ಮಾಡಲು ಕಲಿತ ಮಗುವಿಗೆ ಉತ್ತರ ತಪ್ಪಿದಾಗ ತಾನೇ ಅನುಮಾನ ಬರುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ದರ ವಾರ ವಾರ ಬದಲಾಗುತ್ತದೆ, ಲೆಕ್ಕಕ್ಕಾಗಿ ಹೀಗೆ ಹಿಡಿಯೋಣ. ಉಳ್ಳಾಗಡ್ಡಿ ಕಿಲೋಕ್ಕೆ 30, ದೀಡ ಕಿಲೋ ತೆಗೆದುಕೊಂಡಿರಿ. ಟೊಮ್ಯಾಟೊ ಕಿಲೋಕ್ಕೆ 24, ಪೌಣ ಕಿಲೋ. ಹಸಿಮೆಣಸಿನಕಾಯಿ ಕಿಲೋಕ್ಕೆ 60, ಪಾವ ಕಿಲೋ. ಕೈಯಲ್ಲಿ ನೂರರ ನೋಟು.

ಪೌಣ ಕಿಲೋ ಟೊಮ್ಯಾಟೊಕ್ಕೆ ನೀವು ಹೇಗೆ ಲೆಕ್ಕ ಮಾಡುತ್ತೀರಿ? ಅರ್ಧಾಕ್ಕೆ 12, ಪಾವಕ್ಕೆ 6, ಕೂಡಿ 18. ಮಗುವಿಗೆ ಇದನ್ನು ಗಟ್ಟಿಯಾಗಿ ಹೇಳಿರಿ. ಮನಸ್ಸಿನಲ್ಲೇ ಮಾಡಿ “ಹದಿನೆಂಟು” ಎಂದಷ್ಟೇ ಹೇಳಿದರೆ ಮಗುವಿಗೆ ಏನೂ ಸಿಗುವುದಿಲ್ಲ. ನಿಮ್ಮ ತಲೆಯೊಳಗೆ ನಡೆದದ್ದು ಹೊರಗೆ ಬರಬೇಕು. ಅದೇ ರೀತಿ ದೀಡ ಕಿಲೋ ಉಳ್ಳಾಗಡ್ಡಿಗೆ ಮೂವತ್ತು, ಮೂವತ್ತರ ಅರ್ಧ ಹದಿನೈದು, ಒಟ್ಟು 45. ಮೆಣಸಿನಕಾಯಿಗೆ ಅರವತ್ತರ ಅರ್ಧ ಮೂವತ್ತು, ಅದರ ಅರ್ಧ 15. ಮೂರೂ ಸೇರಿ 78.

ಮನೆಗೆ ಬಂದು ಕಾಲು ತೊಳೆದು ಚಹಾ ಕುಡಿದ ಮೇಲೆ ನೋಟಬುಕ್ ತೆಗೆಸಿರಿ. ನಾವು ಮೊದಲು ಬಿಟ್ಟಿದ್ದು ಈ ಹೆಜ್ಜೆಯನ್ನೇ. ಅದೇ ಟೊಮ್ಯಾಟೊ ಲೆಕ್ಕವನ್ನು ಮಗು ಮೂರು ರೀತಿ ಬರೆಯಲಿ. ಮೊದಲು ಅವ್ವನ ರೀತಿ, 12 + 6 = 18. ಎರಡನೆಯದು ಭಿನ್ನರಾಶಿಯ ರೀತಿ, 24 × 3/4 = 18. ಮೂರನೆಯದು ದಶಮಾಂಶದ ರೀತಿ, 24 × 0.750 = 18. ಎರಡು ಮೂರನೆಯದು ನಿಮಗೆ ಗೊತ್ತಿರಬೇಕೆಂದಿಲ್ಲ. ಉತ್ತರ ಮಾತ್ರ ನಿಮಗೆ ಗೊತ್ತಿದೆ, ಹದಿನೆಂಟು. ಮಗು 180 ಎಂದೋ 1.8 ಎಂದೋ ಬರೆದು ತೋರಿಸಿದರೆ, “ಕಿಲೋಕ್ಕೇ ಇಪ್ಪತ್ನಾಲ್ಕು, ಪೌಣ ಕಿಲೋಕ್ಕ ನೂರಾ ಎಂಬತ್ತ ಹೆಂಗ ಆಕ್ಕತೆವ್ವಾ?” ಎಂದು ಕೇಳಿರಿ. ಮಗು ತಾನೇ ಬಿಂದು ಎಲ್ಲಿ ತಪ್ಪಿತು ಎಂದು ಹುಡುಕುತ್ತದೆ.

ಕಳೆಯುವ ಲೆಕ್ಕದಲ್ಲಿ ಇನ್ನೂ ಚೆನ್ನಾಗಿ ತಿಳಿಯುತ್ತದೆ. ನೂರರಲ್ಲಿ 78 ಕಳೆದರೆ ಎಷ್ಟು? ಅಂಗಡಿಯಾಕೆ ಕಳೆಯುವುದೇ ಇಲ್ಲ. “ಎಪ್ಪತ್ತೆಂಟು” ಎಂದು ಎರಡು ರೂಪಾಯಿ ಇಟ್ಟು “ಎಂಬತ್ತು” ಅನ್ನುತ್ತಾಳೆ, ಹತ್ತರ ಎರಡು ನೋಟು ಇಟ್ಟು “ನೂರು” ಅನ್ನುತ್ತಾಳೆ. 22 ಕೈಗೆ ಬಂತು. ಶಾಲೆಯಲ್ಲಿ ಮಗು 100 ಮೇಲೆ, 78 ಕೆಳಗೆ ಬರೆಯುತ್ತದೆ. ಸೊನ್ನೆಯಲ್ಲಿ ಎಂಟು ಹೋಗುವುದಿಲ್ಲ ಎಂದು ಎಂಟರಲ್ಲಿ ಸೊನ್ನೆ ಕಳೆದು ಎಂಟು ಬರೆಯುತ್ತದೆ, ಏಳರಲ್ಲಿ ಸೊನ್ನೆ ಕಳೆದು ಏಳು, ಮುಂದೆ ಒಂದು. ಉತ್ತರ 178. ಇಂಥ ತಪ್ಪು ನಮ್ಮ ಮಕ್ಕಳ ಪಾಟಿಯ ಮೇಲೆ ನಾವು ಎಷ್ಟು ಸಲ ನೋಡಿದ್ದೇವೋ! ನೂರು ಕೊಟ್ಟು, ಸಾಮಾನೂ ತಂದು, ಮೇಲೆ 178 ವಾಪಸ್ ಬರುವುದಾದರೆ ನಾವು ದಿನಾ ಸಂತೆಗೆ ಹೋಗಬಹುದಾಗಿತ್ತು. ಮಗುವಿಗೆ ಹೀಗೆ ನಗಿಸಿ ಹೇಳಿರಿ.

ಆಮೇಲೆ ಸರಿಯಾದ ದಾರಿಯನ್ನು ನೋಟಿನಿಂದ ತೋರಿಸಿರಿ. ನೂರರ ಒಂದು ನೋಟು ಇದೆ, ಅದರಲ್ಲಿ 78 ಕೊಡಬೇಕು. ಕೊಡಲು ಬರುವುದಿಲ್ಲ, ಚಿಲ್ಲರೆ ಮಾಡಿಸಬೇಕು. ನೂರನ್ನು ಮುರಿದರೆ ಹತ್ತರ ಹತ್ತು ನೋಟು. ಇನ್ನೂ ಎಂಟು ರೂಪಾಯಿ ಕೊಡಲು ಬರುವುದಿಲ್ಲ. ಹತ್ತರ ಒಂದು ನೋಟು ಮುರಿಸಿದರೆ ಒಂದೊಂದು ರೂಪಾಯಿಯ ಹತ್ತು ನಾಣ್ಯ. ಈಗ ಹತ್ತರ ನೋಟು ಒಂಬತ್ತು, ನಾಣ್ಯ ಹತ್ತು. ಹತ್ತು ನಾಣ್ಯದಲ್ಲಿ ಎಂಟು ಕೊಟ್ಟರೆ ಎರಡು ಉಳಿಯಿತು. ಒಂಬತ್ತು ನೋಟಿನಲ್ಲಿ ಏಳು ಕೊಟ್ಟರೆ ಎರಡು ಉಳಿಯಿತು. ಇಪ್ಪತ್ತೆರಡು. ಗುರುಗಳು ಹೇಳುವ ‘ದಶಕ ಬಿಡಿಸುವುದು’ ಎಂದರೆ ಚಿಲ್ಲರೆ ಮಾಡಿಸುವುದೇ. ಬೇರೆ ಏನೂ ಅಲ್ಲ. ಇದನ್ನು ನಾವು ಒಂದು ಸಭೆಯಲ್ಲಿ ನೋಟು ನಾಣ್ಯ ಇಟ್ಟು ತೋರಿಸಿದಾಗ ಹಿರಿಯ ಸದಸ್ಯೆಯೊಬ್ಬರು, “ಇಷ್ಟ ಐತೇನ್ರಿ? ಇದಕ್ಕ ನಾನು ಮೂರನೇತ್ತಿಗೆ ಸಾಲಿ ಬಿಟ್ಟೆ ನೋಡ್ರಿ” ಅಂದರು. ಆ ಮಾತಿನ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ತಕ್ಕಡಿಯ ಕೆಂಪು ಅಂಕಿಗಳು

ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಎಲೆಕ್ಟ್ರಾನಿಕ್ ತಕ್ಕಡಿ. ಇದು ದಶಮಾಂಶ ಕಲಿಸುವ ಒಳ್ಳೆಯ ಸಾಧನ. ಮಗುವನ್ನು ತಕ್ಕಡಿಯ ಮುಂದೆ ನಿಲ್ಲಿಸಿರಿ. ಪಾವ ಕಿಲೋ ಇಟ್ಟರೆ 0.250 ಎಂದು ತೋರಿಸುತ್ತದೆ, ಅರ್ಧಾ ಕಿಲೋಕ್ಕೆ 0.500. ಮಕ್ಕಳು ಬಹಳವಾಗಿ ತಪ್ಪುವುದು 1.5 ಮತ್ತು 1.05ರಲ್ಲಿ. ಎರಡೂ ‘ಒಂದು ಮತ್ತು ಐದು’ ಎಂದು ತಿಳಿಯುತ್ತಾರೆ. ತಕ್ಕಡಿಯಲ್ಲಿ ಒಂದು 1.500, ಅಂದರೆ ದೀಡ ಕಿಲೋ. ಇನ್ನೊಂದು 1.050, ಅಂದರೆ ಒಂದು ಕಿಲೋ ಮೇಲೆ ಬರೀ 50 ಗ್ರಾಂ, ಒಂದು ಹಿಡಿ ಮೆಣಸಿನಕಾಯಿ. ಒಂದೇ ಸೊನ್ನೆ ಎಲ್ಲಿ ಕೂತಿದೆ ಎಂಬುದರ ಮೇಲೆ ಅರ್ಧ ಕಿಲೋದ ಹತ್ತಿರ ವ್ಯತ್ಯಾಸ. ಡೇರಿಯ ಚೀಟಿಯಲ್ಲೂ ಬಿಂದು ಇರುತ್ತದೆ. ಎಮ್ಮೆ ಇದ್ದವರು ಹಾಲಿನ ಲೀಟರು, ಫ್ಯಾಟು ಎರಡನ್ನೂ ಮಗುವಿನಿಂದ ಓದಿಸಿರಿ.

ಸಾಮಾನು ಇಡುವ ಮುನ್ನ ತಕ್ಕಡಿ 0.000 ತೋರಿಸುತ್ತದೆಯೇ ಎಂದು ನೋಡುವ ಕೆಲಸವನ್ನು ಮಗುವಿಗೇ ವಹಿಸಿರಿ. ಆ ಕೆಲಸ ಮಕ್ಕಳಿಗೆ ಬಹಳ ಇಷ್ಟ, ಪೊಲೀಸರ ಹಾಗೆ ನಿಲ್ಲುತ್ತಾರೆ. ಮಗು “ಅವ್ವಾ, ಮೊದಲ ಇಪ್ಪತ್ತ ಐತಿ” ಅಂದರೆ ಅಂಗಡಿಯವರು ಮುಜುಗರದಿಂದ ಗುಂಡಿ ಒತ್ತುತ್ತಾರೆ. ಎಲ್ಲರೂ ಮೋಸ ಮಾಡುತ್ತಾರೆ ಎಂದು ನಾವು ಹೇಳುತ್ತಿಲ್ಲ. ಆದರೆ ತೂಕದ ಸಾಧನಗಳ ಮೇಲೆ ಸರಕಾರದ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು ಎಂದು ಕಾನೂನೇ ಇದೆ. ಪ್ಯಾಕೆಟ್ ಸಾಮಾನಿಗೆ ಅದರ ಮೇಲೆ ಮುದ್ರಿಸಿದ ಗರಿಷ್ಠ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಎಲ್ಲ ತೆರಿಗೆಗಳೂ ಅದರಲ್ಲೇ ಸೇರಿರುತ್ತವೆ. ತಕರಾರು ಇದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು.

ಪ್ಯಾಕೆಟ್‌ನಿಂದ ಇನ್ನೊಂದು ಪಾಠ. ಚಹಾಪುಡಿ 100 ಗ್ರಾಂ ಪುಡಿಕೆಗೆ 30 ರೂಪಾಯಿ, 250 ಗ್ರಾಂ ಪುಡಿಕೆಗೆ 70 ಎಂದು ಇಟ್ಟುಕೊಳ್ಳಿರಿ. ಯಾವುದು ಸೋವಿ? ಎರಡನ್ನೂ 100 ಗ್ರಾಂಗೆ ತರಬೇಕು. 70ನ್ನು ಐದರಿಂದ ಭಾಗಿಸಿದರೆ 50 ಗ್ರಾಂಗೆ 14, ನೂರು ಗ್ರಾಂಗೆ 28. ದೊಡ್ಡದು ಸೋವಿ. ಯಾವಾಗಲೂ ದೊಡ್ಡದೇ ಸೋವಿ ಎಂದೂ ಇಲ್ಲ, ಅದಕ್ಕೇ ಲೆಕ್ಕ ಮಾಡಬೇಕು. ಬೆಲೆ ಅದೇ ಇಟ್ಟು ಒಳಗಿನ ಗ್ರಾಂ ಕಡಿಮೆ ಮಾಡುವುದೂ ಉಂಟು. ಹಳೆಯ ಬಿಸ್ಕೀಟಿನ ಹಾಳೆ ಒಂದನ್ನು ನೋಟಬುಕ್ಕಿನಲ್ಲಿ ಅಂಟಿಸಿ ಇಟ್ಟರೆ ವರ್ಷದ ನಂತರ ಮಗುವೇ ಕಂಡುಹಿಡಿಯುತ್ತದೆ. ಕೈಯಲ್ಲಿ ಮೂವತ್ತೇ ರೂಪಾಯಿ ಇರುವವರು ಸಣ್ಣ ಪುಡಿಕೆಯನ್ನೇ ತರಬೇಕಾಗುತ್ತದೆ, ಅದು ಅವರ ತಪ್ಪಲ್ಲ. ಆದರೆ ಸಂಘದ ಹತ್ತು ಮಂದಿ ಕೂಡಿ ತಂದು ಹಂಚಿಕೊಂಡರೆ? ಆ ಹಂಚಿಕೆಯ ಲೆಕ್ಕವನ್ನು ಮಕ್ಕಳಿಗೇ ಬಿಟ್ಟುಕೊಡಿರಿ.

ಫೋನಿನಲ್ಲಿ ದುಡ್ಡು ಕೊಡುವ ಕಾಲ

ಈಗ ಕೊತ್ತಂಬರಿ ಮಾರುವವರ ಮುಂದೆಯೂ ಸ್ಕ್ಯಾನ್ ಮಾಡುವ ಚೌಕದ ಚೀಟಿ ಇದೆ. ಅನುಕೂಲ ಹೌದು. ಆದರೆ ಮಕ್ಕಳ ಕೈಯಿಂದ ನಾಣ್ಯ ಹೋಯಿತು, ಚಿಲ್ಲರೆ ಎಣಿಸುವುದು ಹೋಯಿತು. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೇ ನಿಂತಿತು. ಉಳಿದವೂ ಈಗ ಮಕ್ಕಳಿಗೆ ಅಪರೂಪವಾಗುತ್ತಿವೆ. ಫೋನ್ ಬಿಡಿರಿ ಎಂದು ನಾವು ಹೇಳುವುದಿಲ್ಲ. ವಾರದಲ್ಲಿ ಒಂದು ಸಲವಾದರೂ ಮಗುವಿನ ಕೈಯಲ್ಲಿ ನೋಟು ಕೊಟ್ಟು ಕಳಿಸಿರಿ. ಫೋನಿನಿಂದ ಕೊಡುವ ದಿನ ಸ್ಕ್ಯಾನ್ ಮಾಡುವ ಮುನ್ನ ಮೊತ್ತ ಎಷ್ಟು ಎಂದು ಮಗು ಹೇಳಲಿ, ಆಮೇಲೆ ಅಂಕಿ ಒತ್ತಿರಿ. 78ರ ಬದಲು 780 ಒತ್ತಿ ಪೇಚಾಡಿದವರು ನಮ್ಮಲ್ಲೂ ಇದ್ದಾರೆ.

ಶೇಕಡಾ ಎಂಬ ಗುಮ್ಮ

ಆರು, ಏಳನೇ ಇಯತ್ತೆಯ ಮಕ್ಕಳಿಗೆ ಶೇಕಡಾ ಬಂತೆಂದರೆ ಗಾಬರಿ. ನಮ್ಮ ರೈತರ ಮಾತಿನಲ್ಲಿ ಅದು ಮೊದಲಿನಿಂದಲೂ ಇದೆ. “ಈ ವರ್ಷ ಪೀಕು ಎಂಟಾಣೆ” ಅಂದರೆ ನೂರಕ್ಕೆ ಐವತ್ತು. ಚಾರಾಣೆ ನೂರಕ್ಕೆ 25, ಬಾರಾಣೆ ನೂರಕ್ಕೆ 75, “ಹದಿನಾರಾಣೆ ಖರೆ” ಅಂದರೆ ನೂರಕ್ಕೆ ನೂರು. 1957ರಲ್ಲಿ ಹೊಸ ಪೈಸೆ ಬಂದು ಆಣೆ ಹೋಯಿತು, ಮಾತಿನಲ್ಲಿ ಉಳಿದಿದೆ. ಅಂಗಡಿಯ ಬೋರ್ಡಿನ ಮೇಲೆ 25 ಶೇಕಡಾ ರಿಯಾಯಿತಿ ಎಂದು ಕಂಡರೆ “ಚಾರಾಣೆ ಬಿಟ್ಟಾರ” ಎಂದು ಮಗುವಿಗೆ ಹೇಳಿರಿ. 400ರ ಅಂಗಿಗೆ ನೂರು ಬಿಟ್ಟಂತಾಯಿತು.

ಕಂತಿನ ಖರೀದಿಯಲ್ಲಿ ಈ ಲೆಕ್ಕ ನಮ್ಮ ಹಣವನ್ನೇ ಉಳಿಸುತ್ತದೆ, ಆದ್ದರಿಂದ ದೊಡ್ಡ ಮಕ್ಕಳನ್ನು ಕೂಡಿಸಿಕೊಂಡು ನಿಧಾನವಾಗಿ ಮಾಡಿರಿ. ಹೊಲಿಗೆ ಯಂತ್ರಕ್ಕೆ 12,000 ರೂಪಾಯಿ ಎನ್ನೋಣ. ಒಂದು ಕಡೆ, ತಿಂಗಳಿಗೆ ನೂರಕ್ಕೆ ಎರಡು ಬಡ್ಡಿ, ಹನ್ನೆರಡು ಕಂತು, ಪ್ರತಿ ತಿಂಗಳು 1,240 ಎನ್ನುತ್ತಾರೆ. ಸಾವಿರ ಅಸಲು, 240 ಬಡ್ಡಿ. ವರ್ಷಕ್ಕೆ ಕೊಟ್ಟದ್ದು 14,880. ಇನ್ನೊಂದು ಕಡೆ, ನಮ್ಮ ಸಂಘದಲ್ಲಿ ಅದೇ 12,000 ಸಾಲ, ಅದೇ ನೂರಕ್ಕೆ ಎರಡು. ಆದರೆ ಬಡ್ಡಿ ಉಳಿದ ಸಾಲಕ್ಕೆ ಮಾತ್ರ. ಮೊದಲ ತಿಂಗಳು 240. ಸಾವಿರ ಕಟ್ಟಿದ ಮೇಲೆ ಉಳಿದದ್ದು 11,000, ಅದಕ್ಕೆ 220. ಆಮೇಲೆ 200, 180, ಹೀಗೆ ಇಳಿಯುತ್ತ ಕೊನೆಯ ತಿಂಗಳು ಬರೀ 20. ಹನ್ನೆರಡೂ ಕೂಡಿಸಿದರೆ ಬಡ್ಡಿ 1,560, ಒಟ್ಟು 13,560. ಬಾಯಲ್ಲಿ ಎರಡೂ ಕಡೆ ‘ನೂರಕ್ಕೆ ಎರಡು’, ಕೈಯಿಂದ ಹೋಗುವಾಗ 1,320 ರೂಪಾಯಿ ವ್ಯತ್ಯಾಸ. ಮೊದಲನೆಯ ಕಡೆಯಲ್ಲಿ ಆರು ತಿಂಗಳಾದ ಮೇಲೆ ಅರ್ಧ ಸಾಲ ತೀರಿದ್ದರೂ ಪೂರ್ತಿ 12,000ಕ್ಕೇ ಬಡ್ಡಿ ಕೊಡುತ್ತಿರುತ್ತೇವೆ. ಎಂಟನೇ ಇಯತ್ತೆಯ ಹುಡುಗಿ ಇದನ್ನು ಬರೆದು ಕೂಡಿಸಬಲ್ಲಳು. ಬಾಯಿಲೆಕ್ಕದಲ್ಲಿ ಎಷ್ಟೇ ಹುಷಾರಿದ್ದರೂ ಹನ್ನೆರಡು ತಿಂಗಳ ಇಳಿಯುವ ಬಡ್ಡಿಯನ್ನು ತಲೆಯಲ್ಲಿ ಹಿಡಿಯುವುದು ಕಷ್ಟ, ಅಲ್ಲಿ ಕಾಗದ ಬೇಕೇ ಬೇಕು. ತಾಯಿಯ ಲೆಕ್ಕ ಮಗಳಿಗೆ, ಮಗಳ ಲೆಕ್ಕ ತಾಯಿಗೆ.

ಕೆಲವು ಎಚ್ಚರಿಕೆಗಳು

ಸಂತೆಯಲ್ಲಿ ಹತ್ತು ಜನರ ಮುಂದೆ “ಇಷ್ಟೂ ಬರಂಗಿಲ್ಲೇನ?” ಎಂದು ಬೈದರೆ ಆ ಮಗು ಮುಂದಿನ ವಾರ ಬರುವುದಿಲ್ಲ. ತಪ್ಪಿದರೆ ಮನೆಯಲ್ಲಿ ನೋಡಿದರಾಯಿತು. ಒಂದು, ಎರಡನೇ ಇಯತ್ತೆಯವರಿಗೆ ಎಣಿಸುವುದು, ಹೆಚ್ಚು ಕಡಿಮೆ ಹೇಳುವುದು ಸಾಕು. ಗಜ್ಜರಿ ಎಷ್ಟು ಬಂದವು, ಲಿಂಬೆಹಣ್ಣು ಎರಡು ಪಾಲು ಮಾಡು, ಇಷ್ಟೇ.

ಗಂಡು ಮಗನನ್ನು ಅಂಗಡಿಗೆ ಕಳಿಸಿ ಹೆಣ್ಣು ಮಗಳನ್ನು ರೊಟ್ಟಿ ಬಡಿಯಲು ಕೂಡಿಸುವ ರೂಢಿ ಇನ್ನೂ ಇದೆ. ದುಡ್ಡು ಹಿಡಿದ ಕೈಗೆ ಲೆಕ್ಕ ಬರುತ್ತದೆ, ಹಿಡಿಯದ ಕೈಗೆ ಹೆದರಿಕೆ ಬರುತ್ತದೆ. ಒಂದು ವಾರ ಮಗ, ಒಂದು ವಾರ ಮಗಳು ಎಂದು ಪಾಳಿ ಹಚ್ಚಿರಿ. ಉಳಿದ ವಾರ ಮಗ ರೊಟ್ಟಿ ಬಡಿಯಲಿ, ಹಿಟ್ಟು ನೀರಿನ ಅಳತೆಯೂ ಗಣಿತವೇ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಸಂತೆಯಲ್ಲಿ ಲೆಕ್ಕ ಕಲಿಯುತ್ತಾನೆ ಎಂಬ ನೆಪದಲ್ಲಿ ಶಾಲೆ ಬಿಡಿಸಿ ಗಲ್ಲೆಯ ಮುಂದೆ ಕೂಡಿಸುವುದು, ಬೀಡಿ ಕಟ್ಟಲು ಹಚ್ಚುವುದು, ಕಬ್ಬಿನ ಗ್ಯಾಂಗಿನ ಜೊತೆ ಕಳಿಸುವುದು ಬೇಡ. 14 ವರ್ಷದೊಳಗಿನವರನ್ನು ದುಡಿಮೆಗೆ ಇಡುವುದು ಕಾನೂನಿನ ಪ್ರಕಾರ ಅಪರಾಧ. ಮೇಲೆ ಹೇಳಿದ ಅಧ್ಯಯನವೂ ಅದನ್ನೇ ತೋರಿಸುತ್ತದೆ. ವ್ಯಾಪಾರದಲ್ಲಿ ಎಷ್ಟೇ ಚುರುಕಾದರೂ ಬರೆದ ಲೆಕ್ಕ ಅಷ್ಟಕ್ಕೇ ಬರುವುದಿಲ್ಲ.

ನಮ್ಮ ಸರಕಾರಿ ಶಾಲೆಗಳಲ್ಲಿ ಕೆಲವೆಡೆ ವರ್ಷಕ್ಕೊಮ್ಮೆ ‘ಮಕ್ಕಳ ಸಂತೆ’ ಮಾಡುತ್ತಾರೆ. ಮಕ್ಕಳೇ ಕಾಯಿಪಲ್ಲೆ, ಭಜಿ, ಮಜ್ಜಿಗೆ ಮಾರುತ್ತಾರೆ. ಬಹಳ ಒಳ್ಳೆಯದು. ಆದರೆ ಫೋಟೊ ತೆಗೆಸಿಕೊಂಡು ಅಲ್ಲಿಗೇ ಮುಗಿಸುತ್ತಾರೆ. ಶಾಲಾ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯಲ್ಲಿ ಇರುವ ನಮ್ಮ ಸದಸ್ಯೆಯರು ಮುಖ್ಯ ಗುರುಗಳಿಗೆ ಒಂದು ವಿನಂತಿ ಮಾಡಿರಿ. ಮರುದಿನ ಗಣಿತದ ಪಿರಿಯಡ್‌ನಲ್ಲಿ ಅದೇ ಸಂತೆಯ ಲೆಕ್ಕ ಪಾಟಿಯ ಮೇಲೆ ಬರಲಿ. ಎಷ್ಟಕ್ಕೆ ತಂದೆ, ಎಷ್ಟಕ್ಕೆ ಮಾರಿದೆ, ಉಳಿದದ್ದೆಷ್ಟು, ಕೆಟ್ಟುಹೋದದ್ದೆಷ್ಟು, ಲಾಭ ನೂರಕ್ಕೆ ಎಷ್ಟು. ಗುರುಗಳೂ ಇದಕ್ಕೆ ಬೇಡ ಅನ್ನುವುದಿಲ್ಲ.

ಮುಂದಿನ ತಿಂಗಳ ಸಭೆಗೆ ಉಳಿತಾಯದ ಪಾಸ್‌ಬುಕ್ ಜೊತೆಗೆ ಮಕ್ಕಳ ಸಂತೆ ನೋಟಬುಕ್ ಕೂಡ ತೆಗೆದುಕೊಂಡು ಬರ್ರಿ. ಅಲ್ಲಿಯವರೆಗೆ ಒಂದು ಲೆಕ್ಕ. ಬದನೆಕಾಯಿ ಕಿಲೋಕ್ಕೆ 36, ಸವ್ವಾ ಕಿಲೋ ತಂದಿರಿ. ಬೆಂಡೆಕಾಯಿ ಕಿಲೋಕ್ಕೆ 48, ಪೌಣ ಕಿಲೋ. ಕೊಟ್ಟದ್ದು ನೂರರ ಎರಡು ನೋಟು. ವಾಪಸ್ ಎಷ್ಟು ಬರಬೇಕು? ತಾಯಿ ಬಾಯಲ್ಲಿ ಹೇಳಲಿ, ಮಗು ಮೂರು ರೀತಿಯಲ್ಲಿ ಬರೆದು ತರಲಿ.